ಇನ್ಸುಲಿನ್ ಪಂಪ್: ಯಾರಿಗೆ, ಯಾವುದು, ಎಷ್ಟು ವರ್ಷಕ್ಕೆ

ಟೈಪ್ 1 ಮಧುಮೇಹ ಇರುವ ಮಗುವಿನ ಮನೆಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಸೂಜಿ ಕೈಗೆತ್ತಿಕೊಳ್ಳಬೇಕು. ತಿಂಡಿಗೆ, ಮಧ್ಯಾಹ್ನದ ಊಟಕ್ಕೆ, ರಾತ್ರಿಯ ಊಟಕ್ಕೆ ಒಂದೊಂದು. ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್‌ಗೆ ಇನ್ನೊಂದು. ವರ್ಷಕ್ಕೆ ಲೆಕ್ಕ ಹಾಕಿದರೆ 1,460 ಚುಚ್ಚು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಯಂತ್ರ ಇದನ್ನು ಎರಡು ಮೂರು ದಿನಕ್ಕೊಂದು ಚುಚ್ಚಿಗೆ ಇಳಿಸುತ್ತದೆ ಎಂದು ತಿಳಿದಾಗ ತಂದೆತಾಯಿ ಕೇಳುವ ಮೊದಲ ಮಾತು, ಯಾವ ಪಂಪ್ ಒಳ್ಳೆಯದು ಎಂದು. ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೂ ಮುಂಚೆ ಎರಡು ಪ್ರಶ್ನೆಗಳಿವೆ. ಈ ವ್ಯಕ್ತಿಗೆ ಪಂಪ್ ಬೇಕೇ? ಬೇಕಾದರೆ, ಅದನ್ನು ಐದಾರು ವರ್ಷ ನಡೆಸಿಕೊಂಡು ಹೋಗುವ ಶಕ್ತಿ ಮನೆಗಿದೆಯೇ? ಅಂಗಡಿಯವರಾಗಲಿ ಕಂಪನಿಯ ಪ್ರತಿನಿಧಿಯಾಗಲಿ ಈ ಎರಡನ್ನು ತಾವಾಗಿ ಎತ್ತುವುದು ಅಪರೂಪ. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಅವುಗಳ ಬಗ್ಗೆಯೇ.

ಪಂಪ್ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಆರೋಗ್ಯವಂತರ ಮೇದೋಜೀರಕ ಗ್ರಂಥಿ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವೇ ಇನ್ಸುಲಿನ್ ಬಿಡುತ್ತಿರುತ್ತದೆ; ಊಟ ಮಾಡಿದಾಗ ಒಮ್ಮೆಲೇ ಹೆಚ್ಚು ಬಿಡುತ್ತದೆ. ಮೊದಲನೆಯದನ್ನು ಡಾಕ್ಟರುಗಳು ಬೇಸಲ್ ಎನ್ನುತ್ತಾರೆ, ಎರಡನೆಯದನ್ನು ಬೋಲಸ್. ಸೂಜಿಯಲ್ಲಿ ಇದನ್ನು ಅನುಕರಿಸಲು ಎರಡು ಬಗೆಯ ಇನ್ಸುಲಿನ್ ಬೇಕು. ಪಂಪಿನೊಳಗೆ ಬೇಗ ಕೆಲಸ ಮಾಡುವ ಒಂದೇ ಬಗೆಯ ಇನ್ಸುಲಿನ್ ಇರುತ್ತದೆ. ಅದನ್ನೇ ಕೆಲವು ನಿಮಿಷಗಳಿಗೊಮ್ಮೆ ಹನಿಹನಿಯಾಗಿ ಚರ್ಮದ ಕೆಳಗೆ ಕಳಿಸುತ್ತದೆ, ಊಟದ ಹೊತ್ತಿಗೆ ನಾವು ಹೇಳಿದಷ್ಟು ಒಟ್ಟಿಗೆ ಕಳಿಸುತ್ತದೆ. ಬೇಸಲ್ ಪ್ರಮಾಣವನ್ನು ಗಂಟೆಗೊಂದರಂತೆ ಬದಲಿಸಬಹುದು. ಬೆಳಗಿನ ಜಾವ ಸಕ್ಕರೆ ತಾನಾಗಿಯೇ ಏರುವವರಿಗೆ ಆ ಹೊತ್ತಿಗೆ ಹೆಚ್ಚು, ಸಂಜೆ ಕಬಡ್ಡಿ ಆಡುವ ಹುಡುಗನಿಗೆ ಆಟದ ಹೊತ್ತಿನಲ್ಲಿ ಕಡಿಮೆ. ಒಮ್ಮೆ ಚುಚ್ಚಿದ ದೀರ್ಘಾವಧಿ ಇನ್ಸುಲಿನ್ನನ್ನು ಯಾರೂ ಹಿಂದಕ್ಕೆ ತೆಗೆಯಲಾರರು. ಪಂಪಿನ ಹನಿಯನ್ನು ನಿಲ್ಲಿಸಬಹುದು. ಎರಡು ವರ್ಷದ ಕೂಸಿಗೆ ಇಡೀ ದಿನಕ್ಕೆ ಬೇಕಾಗುವುದೇ ಏಳೆಂಟು ಯೂನಿಟ್ ಇರಬಹುದು. ಇನ್ಸುಲಿನ್ ಪೆನ್ನಿನಲ್ಲಿ ಅರ್ಧ ಯೂನಿಟ್‌ಗಿಂತ ಕಡಿಮೆ ಕೊಡಲು ಆಗುವುದಿಲ್ಲ, ಪಂಪ್ 0.025 ಯೂನಿಟ್‌ನ ಹೆಜ್ಜೆಯಲ್ಲಿ ಕೊಡಬಲ್ಲದು. ಪುಟ್ಟ ಮಕ್ಕಳ ವಿಷಯದಲ್ಲಿ ಪಂಪಿನ ಪರವಾಗಿ ಇದೊಂದೇ ವಾದ ಸಾಕು ಎಂದು ನನಗನಿಸುತ್ತದೆ.

ಈ ಯಂತ್ರಕ್ಕೆ ಅರವತ್ತು ವರ್ಷ ದಾಟಿದ ಇತಿಹಾಸವಿದೆ. 1960ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಆರ್ನಾಲ್ಡ್ ಕಾಡಿಶ್ ಎಂಬ ವೈದ್ಯರು ಕಟ್ಟಿದ ಮೊದಲ ಪಂಪನ್ನು ಬೆನ್ನಿಗೆ ಹೊತ್ತುಕೊಂಡು ಓಡಾಡಬೇಕಿತ್ತು. ಬಳಕೆಗೆ ಬರುವಂಥ ದಾರಿ ತೋರಿಸಿದ್ದು ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು. ಚರ್ಮದ ಕೆಳಗೆ ಸತತವಾಗಿ ಇನ್ಸುಲಿನ್ ಹರಿಸಿ ಸಕ್ಕರೆ ಹತೋಟಿಗೆ ತರಬಹುದು ಎಂದು ಅವರು 1978ರಲ್ಲಿ ಪ್ರಕಟಿಸಿದರು. 1983ರ ಹೊತ್ತಿಗೆ ಅಮೆರಿಕದ ಮಿನಿಮೆಡ್ ಕಂಪನಿಯ ಪಂಪ್ ಮಾರುಕಟ್ಟೆಗೆ ಬಂತು. 2001ರಲ್ಲಿ ಆ ಕಂಪನಿಯನ್ನು ಮೆಡ್‌ಟ್ರಾನಿಕ್ ಕೊಂಡಿತು. ಟ್ಯೂಬ್ ಇಲ್ಲದೆ ಮೈಗೇ ಅಂಟುವ ಆಮ್ನಿಪಾಡ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2005ರಲ್ಲಿ.

ಯಂತ್ರ ಚಿಕ್ಕದಾಯಿತು, ಚೆಂದವಾಯಿತು. ಅದರಿಂದ ರೋಗಿಗೆ ಎಷ್ಟು ಲಾಭವಾಯಿತು? ಇಲ್ಲಿ ಸಂಶೋಧನೆಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು, ಏಕೆಂದರೆ ಮಾರಾಟದ ಕಾಗದಗಳಲ್ಲಿ ಅವನ್ನು ಕಲಸಿ ಹೇಳುವುದುಂಟು. ಅಮೆರಿಕ, ಕೆನಡಾಗಳಲ್ಲಿ 1,441 ಟೈಪ್ 1 ರೋಗಿಗಳ ಮೇಲೆ ನಡೆದು 1993ರಲ್ಲಿ ಹೊರಬಂದ ಡಿಸಿಸಿಟಿ ಅಧ್ಯಯನ ಈ ಕ್ಷೇತ್ರದ ಅಡಿಗಲ್ಲು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟ ಗುಂಪಿನಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಬರುವ ಸಾಧ್ಯತೆ 76 ಪ್ರತಿಶತ ಇಳಿಯಿತು. ಮೂತ್ರಪಿಂಡ, ನರಗಳ ತೊಂದರೆಗಳೂ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದವು. ಆದರೆ ಆ ಗುಂಪಿನವರೆಲ್ಲ ಪಂಪ್ ಹಾಕಿಕೊಂಡವರಲ್ಲ. ಪಂಪ್ ಅಥವಾ ದಿನಕ್ಕೆ ಮೂರಕ್ಕಿಂತ ಕಡಿಮೆಯಿಲ್ಲದ ಇಂಜೆಕ್ಷನ್, ಎರಡರಲ್ಲಿ ಯಾವುದಾದರೂ ಸರಿ ಎಂಬುದು ಅಲ್ಲಿಯ ನಿಯಮ. ಲಾಭ ಬಂದದ್ದು ಹತೋಟಿಯಿಂದ. ಅದಕ್ಕೆ ತೆತ್ತ ಬೆಲೆಯನ್ನೂ ಮರೆಯಬಾರದು: ಆ ಗುಂಪಿನಲ್ಲಿ ಸಕ್ಕರೆ ತೀರ ಇಳಿದು ಬೇರೆಯವರ ಸಹಾಯ ಬೇಕಾಗುವಂಥ ಪ್ರಸಂಗಗಳು ಸುಮಾರು ಮೂರು ಪಟ್ಟಾದವು. ಲೋ ಶುಗರ್‌ನ ಈ ಭಯವೇ ಮುಂದಿನ ಮೂವತ್ತು ವರ್ಷ ಎಷ್ಟೋ ತಂದೆತಾಯಿಯರ ನಿದ್ದೆ ಕೆಡಿಸಿತು.

ಪಂಪನ್ನೂ ಸೂಜಿಯನ್ನೂ ನೇರಾನೇರ ಹೋಲಿಸಿದ ಅಧ್ಯಯನ ಬ್ರಿಟನ್ನಿನ ರಿಪೋಸ್. ಅದು 2017ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನ ವಯಸ್ಕರಿಗೆ ಊಟದ ಲೆಕ್ಕ ಹಾಕುವ, ಅದಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸುವ ಒಂದೇ ಬಗೆಯ ತರಬೇತಿ ಕೊಟ್ಟರು. ಎರಡು ವರ್ಷದ ನಂತರ ಎರಡೂ ಗುಂಪುಗಳ ಸರಾಸರಿ ಸಕ್ಕರೆ ಇಳಿದಿತ್ತು. ಪಂಪಿನವರಿಗೂ ಸೂಜಿಯವರಿಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೊಸದಾಗಿ ಟೈಪ್ 1 ಬಂದ ಮಕ್ಕಳಲ್ಲಿ ಅದೇ ದೇಶದಲ್ಲಿ ನಡೆದ ಸಿಪಿ ಅಧ್ಯಯನವೂ 2019ರಲ್ಲಿ ಇಂಥದ್ದೇ ಫಲಿತಾಂಶ ಕೊಟ್ಟಿತು. ಇದರಿಂದ ನಾನು ತೆಗೆದುಕೊಳ್ಳುವ ಅರ್ಥ ಸ್ಪಷ್ಟವಾಗಿದೆ: ಸಕ್ಕರೆ ಅಳೆಯುವ ಸೆನ್ಸರ್ ಜೊತೆಗಿಲ್ಲದ ಬರಿಯ ಪಂಪ್, ಚೆನ್ನಾಗಿ ಕಲಿತು ಬಳಸುವ ಪೆನ್ನಿಗಿಂತ ಬಹಳ ಮುಂದೇನೂ ಇಲ್ಲ. ಕೂಸುಗಳು, ಬೆಳಗಿನ ಜಾವದ ಏರಿಕೆ ಯಾವುದಕ್ಕೂ ಬಗ್ಗದವರು, ತೀರ ಕಡಿಮೆ ಇನ್ಸುಲಿನ್‌ಗೇ ಸಕ್ಕರೆ ಕುಸಿಯುವವರು ಇದಕ್ಕೆ ಹೊರತು. ಉಳಿದವರು ಅನುಕೂಲಕ್ಕಾಗಿ, ಚುಚ್ಚಿನ ಸಂಖ್ಯೆ ಕಡಿಮೆಯಾಗಲೆಂದು ಹಾಕಿಸಿಕೊಳ್ಳಬಹುದು. ಅದೂ ನ್ಯಾಯವಾದ ಕಾರಣವೇ. ಆದರೆ ಯಂತ್ರ ಬಂದ ಮಾತ್ರಕ್ಕೆ ಸಕ್ಕರೆ ಇಳಿಯುತ್ತದೆ ಎಂದು ನಂಬಿ ಲಕ್ಷಗಟ್ಟಲೆ ಸುರಿಯಬಾರದು.

ಚಿತ್ರ ಬದಲಾದದ್ದು ಪಂಪ್ ಮತ್ತು ಸೆನ್ಸರ್ ಪರಸ್ಪರ ಮಾತಾಡತೊಡಗಿದ ಮೇಲೆ. ತೋಳಿಗೋ ಹೊಟ್ಟೆಗೋ ಅಂಟಿಸಿಕೊಳ್ಳುವ ಸೆನ್ಸರ್ ಚರ್ಮದ ಕೆಳಗಿನ ದ್ರವದಲ್ಲಿ ಸಕ್ಕರೆ ಎಷ್ಟಿದೆ ಎಂದು ಐದು ನಿಮಿಷಕ್ಕೊಮ್ಮೆ ಅಳೆದು ಪಂಪಿಗೆ ತಿಳಿಸುತ್ತದೆ. ಪಂಪಿನೊಳಗಿನ ಲೆಕ್ಕಾಚಾರ, ಸಕ್ಕರೆ ಇಳಿಯುವ ಸೂಚನೆ ಕಂಡರೆ ಇನ್ಸುಲಿನ್ ತಡೆಯುತ್ತದೆ, ಏರುವ ಸೂಚನೆ ಕಂಡರೆ ಹೆಚ್ಚಿಸುತ್ತದೆ. ಹೀಗೆ ಎರಡೂ ಕಡೆ ಹೊಂದಿಸುವ ಮೊದಲ ಯಂತ್ರ, ಮೆಡ್‌ಟ್ರಾನಿಕ್‌ನ 670ಜಿ, ಅಮೆರಿಕದಲ್ಲಿ 2016ರ ಸೆಪ್ಟೆಂಬರಿನಲ್ಲಿ ಅನುಮತಿ ಪಡೆಯಿತು. ನಂತರ ಟ್ಯಾಂಡೆಮ್ ಕಂಪನಿಯ ಕಂಟ್ರೋಲ್ ಐಕ್ಯೂ, ಮೆಡ್‌ಟ್ರಾನಿಕ್‌ನದೇ 780ಜಿ, ಆಮ್ನಿಪಾಡ್ 5, ಕೇಂಬ್ರಿಡ್ಜಿನ ರೋಮನ್ ಹೊವೊರ್ಕಾ ಅವರ ತಂಡ ರೂಪಿಸಿದ ಕ್ಯಾಮ್‌ಎಪಿಎಸ್ ಒಂದರ ಹಿಂದೊಂದು ಬಂದವು. ಇವನ್ನು ಕೃತಕ ಮೇದೋಜೀರಕ ಎಂದು ಪತ್ರಿಕೆಗಳು ಕರೆಯುವುದುಂಟು. ಅಷ್ಟು ದೂರ ಇನ್ನೂ ಬಂದಿಲ್ಲ. ಊಟಕ್ಕೆ ಕೂರುವ ಮೊದಲು, ಇಷ್ಟು ಪಿಷ್ಟ ತಿನ್ನುತ್ತಿದ್ದೇನೆ ಎಂದು ಯಂತ್ರಕ್ಕೆ ಹೇಳಲೇಬೇಕು. ಅದಕ್ಕೇ ಇವಕ್ಕೆ ಹೈಬ್ರಿಡ್ ಎಂಬ ಹೆಸರು.

ಇಲ್ಲಿ ಸಿಕ್ಕಿದ ಫಲಿತಾಂಶ ಗಟ್ಟಿಯಾದದ್ದು. ರಕ್ತದಲ್ಲಿ ಸಕ್ಕರೆ 70ರಿಂದ 180 ಮಿಲಿಗ್ರಾಮಿನ ಒಳಗಿರುವ ಹೊತ್ತು ದಿನದಲ್ಲಿ 70 ಪ್ರತಿಶತಕ್ಕಿಂತ ಹೆಚ್ಚಿರಬೇಕು, 70ಕ್ಕಿಂತ ಕೆಳಗಿರುವ ಹೊತ್ತು 4 ಪ್ರತಿಶತ ಮೀರಬಾರದು ಎಂಬುದು 2019ರಿಂದ ಬಹುತೇಕ ವೈದ್ಯರು ಒಪ್ಪಿಕೊಂಡ ಗುರಿ. ಅದೇ ವರ್ಷ ಪ್ರಕಟವಾದ ಕಂಟ್ರೋಲ್ ಐಕ್ಯೂ ಅಧ್ಯಯನದಲ್ಲಿ ಆರು ತಿಂಗಳಲ್ಲಿ ಮಿತಿಯೊಳಗಿನ ಹೊತ್ತು 61ರಿಂದ 71 ಪ್ರತಿಶತಕ್ಕೆ ಏರಿತು. ಸೆನ್ಸರ್ ಇದ್ದೂ ಇಂಥ ಲೆಕ್ಕಾಚಾರ ಇಲ್ಲದ ಪಂಪ್ ಹಾಕಿಕೊಂಡವರು 59ರಲ್ಲೇ ಉಳಿದರು. ಎರಡು ಗುಂಪುಗಳ ನಡುವಿನ ವ್ಯತ್ಯಾಸ ದಿನಕ್ಕೆ ಸುಮಾರು ಎರಡೂವರೆ ಗಂಟೆ. ಇದಕ್ಕಿಂತ ನಮಗೆ ಹೆಚ್ಚು ಹತ್ತಿರದ್ದು 780ಜಿ ಮೇಲೆ ಯುರೋಪಿನಲ್ಲಿ ನಡೆದು 2022ರಲ್ಲಿ ಬಂದ ಅಡಾಪ್ಟ್ ಅಧ್ಯಯನ, ಏಕೆಂದರೆ ಅದರಲ್ಲಿದ್ದವರು ಸೂಜಿ ಚುಚ್ಚಿಕೊಂಡೂ ಹತೋಟಿಗೆ ಬಾರದವರು. ಅವರ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 9ರಿಂದ 7.3ಕ್ಕೆ ಇಳಿಯಿತು. ಸೂಜಿಯಲ್ಲೇ ಮುಂದುವರಿದವರದು 9ರ ಆಸುಪಾಸಿನಲ್ಲೇ ನಿಂತಿತು. ಟೈಪ್ 1 ಇರುವ ಗರ್ಭಿಣಿಯರ ಮೇಲೆ ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಬಂದ ಅಧ್ಯಯನದಲ್ಲಿ, ಗರ್ಭಾವಸ್ಥೆಗೆ ನಿಗದಿಯಾದ ಇನ್ನೂ ಬಿಗಿಯಾದ ಮಿತಿಯೊಳಗಿನ ಹೊತ್ತು 48ರಿಂದ 68 ಪ್ರತಿಶತಕ್ಕೆ ಏರಿತು. ಆ ವರ್ಷದ ಡಿಸೆಂಬರಿನಲ್ಲೇ ಬ್ರಿಟನ್ನಿನ ನೈಸ್ ಸಂಸ್ಥೆ, ಟೈಪ್ 1 ಇರುವ ಮಕ್ಕಳಿಗೆ, ಗರ್ಭಿಣಿಯರಿಗೆ, ಹತೋಟಿ ಸಿಗದ ವಯಸ್ಕರಿಗೆ ಇಂಥ ಯಂತ್ರವನ್ನು ಸರಕಾರಿ ಆರೋಗ್ಯ ಸೇವೆಯಲ್ಲೇ ಕೊಡಬೇಕೆಂದು ಶಿಫಾರಸು ಮಾಡಿತು. ಕಂಪನಿಗಳೊಡನೆ ಬೆಲೆ ಇಳಿಸುವ ಮಾತುಕತೆ, ಐದು ವರ್ಷಗಳ ವಿಸ್ತರಣೆ ಯೋಜನೆ ಜೊತೆಗೇ ಬಂದವು.

ನಮ್ಮಲ್ಲಿ ಆ ಮಾತುಕತೆ ಮನೆಯ ಯಜಮಾನನೂ ಡೀಲರೂ ಎದುರುಬದುರು ಕೂತು ನಡೆಸುವಂಥದ್ದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿ ದಾಟಿದೆ. ಬಹುಪಾಲು ಟೈಪ್ 2. ಅವರಲ್ಲಿ ಹೆಚ್ಚಿನವರಿಗೆ ಮಾತ್ರೆ, ಆಹಾರ, ನಡಿಗೆ, ಬೇಕಾದರೆ ದಿನಕ್ಕೊಂದು ಎರಡು ಇಂಜೆಕ್ಷನ್ ಸಾಕು. ದಿನಕ್ಕೆ ನಾಲ್ಕು ಇಂಜೆಕ್ಷನ್ ತೆಗೆದುಕೊಂಡೂ ಸಕ್ಕರೆ ಇಳಿಯದ ಟೈಪ್ 2 ರೋಗಿಗಳಿಗೆ ಪಂಪ್ ಸಹಾಯ ಮಾಡುತ್ತದೆ ಎಂದು 2014ರ ಒಂದು ದೊಡ್ಡ ಅಧ್ಯಯನ ತೋರಿಸಿದ್ದೂ ನಿಜ. ಆದರೂ ಮಾತ್ರೆಯನ್ನೇ ನೆಟ್ಟಗೆ ನುಂಗದ, ಊಟದ ಹೊತ್ತು ಗೊತ್ತಿಲ್ಲದ ವ್ಯಾಪಾರಿಗೆ ಐಶ್ವರ್ಯದ ಗುರುತಾಗಿ ಪಂಪ್ ಹಚ್ಚುವುದನ್ನು ನಾನು ಒಪ್ಪಲಾರೆ. ಪಂಪ್ ನಿಜವಾಗಿ ಬೇಕಾಗಿರುವುದು ಟೈಪ್ 1ರ ಮಕ್ಕಳಿಗೆ, ಯುವಕರಿಗೆ. ಭಾರತದಲ್ಲಿ ಟೈಪ್ 1 ಇರುವವರ ಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚೆಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅಂದಾಜು ಮಾಡಿದೆ. ಅವರಲ್ಲಿ ಬಹಳ ಮಂದಿಗೆ ಇನ್ಸುಲಿನ್ ಕೊಳ್ಳುವುದೇ ಕಷ್ಟ.

ಖರ್ಚಿನ ಲೆಕ್ಕವನ್ನು ಪಂಪಿನ ಬೆಲೆಯಿಂದ ಶುರುಮಾಡಬಾರದು, ತಿಂಗಳ ಬಾಬತ್ತಿನಿಂದ ಶುರುಮಾಡಬೇಕು. ಟ್ಯೂಬ್ ಇರುವ ಪಂಪಿಗೆ ಇನ್‌ಫ್ಯೂಶನ್ ಸೆಟ್ ಬೇಕು: ಒಂದು ತುದಿ ಪಂಪಿಗೆ, ಇನ್ನೊಂದು ತುದಿಯ ಮೆತ್ತನೆಯ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಚರ್ಮದೊಳಕ್ಕೆ. ಅದನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ತಿಂಗಳಿಗೆ ಹತ್ತು ಸೆಟ್ ಎಂದು ಕಾಗದದ ಮೇಲೆ ಬರೆದುಕೊಂಡರೂ ಮಂಗಳೂರಿನ ಸೆಕೆಯಲ್ಲಿ ಅಂಟು ಬಿಟ್ಟು ಒಂದೆರಡು, ಆಟದಲ್ಲಿ ಎಳೆದು ಒಂದು ಹಾಳಾಗುವುದನ್ನು ಸೇರಿಸಿ ಹನ್ನೆರಡು ಹದಿಮೂರು ಹಿಡಿಯುವುದು ಜಾಣತನ. ಏಳು ದಿನ ಬರುವ ಸೆನ್ಸರ್ ಆದರೆ ತಿಂಗಳಿಗೆ ನಾಲ್ಕರಿಂದ ಐದು. ಇನ್ಸುಲಿನ್, ಬೆರಳು ಚುಚ್ಚುವ ಸ್ಟ್ರಿಪ್, ಕೀಟೋನ್ ಸ್ಟ್ರಿಪ್ ಬೇರೆ. ಇವೆಲ್ಲ ಸೇರಿ ತಿಂಗಳಿಗೆ ಹದಿನೈದು ಸಾವಿರ ಎಂದು ಬಂದರೆ ಐದು ವರ್ಷಕ್ಕೆ ಒಂಬತ್ತು ಲಕ್ಷವಾಗುತ್ತದೆ. ಪಂಪಿನ ವಾರಂಟಿ ಸಾಮಾನ್ಯವಾಗಿ ನಾಲ್ಕು ವರ್ಷ. ಆಮೇಲೆ ಕೆಟ್ಟರೆ ಹೊಸದೇ ಗತಿ. ಆರೋಗ್ಯ ವಿಮೆಯವರು ಆಸ್ಪತ್ರೆಯಲ್ಲಿ ಮಲಗಿದಾಗಿನ ಖರ್ಚು ಕೊಡುತ್ತಾರೆಯೇ ಹೊರತು ಮನೆಯಲ್ಲಿ ಬಳಸುವ ಸೆಟ್, ಸೆನ್ಸರ್‌ಗೆ ಕೊಡುವುದು ವಿರಳ. ಸಾಲ ಮಾಡಿ ಪಂಪ್ ಕೊಂಡು, ಎರಡನೆಯ ವರ್ಷ ಸೆನ್ಸರ್ ನಿಲ್ಲಿಸಿ, ಸೆಟ್ಟನ್ನು ಐದಾರು ದಿನ ಎಳೆದು, ಅದೇ ಜಾಗ ಗಂಟುಕಟ್ಟಿ ಇನ್ಸುಲಿನ್ ಹೀರದಂತಾಗಿ, ಕೊನೆಗೆ ಪಂಪನ್ನು ಬೀರುವಿಗೆ ಸೇರಿಸುವ ಸ್ಥಿತಿ ಯಾವ ಮನೆಗೂ ಬರಬಾರದು. ಕೈಯಲ್ಲಿರುವ ಹಣ ಒಂದಕ್ಕೇ ಸಾಕಾದರೆ ಸೆನ್ಸರ್ ಕೊಳ್ಳಿ, ಪೆನ್ನು ಇಟ್ಟುಕೊಳ್ಳಿ, ಊಟದ ಲೆಕ್ಕ ಕಲಿಯಿರಿ. ಇದು ಬಡವರಿಗೆಂದು ಉಳಿಸಿಟ್ಟ ಎರಡನೆಯ ದರ್ಜೆಯ ಸಲಹೆಯಲ್ಲ. ಮೇಲೆ ಹೇಳಿದ ಅಧ್ಯಯನಗಳನ್ನು ಓದಿದ ಮೇಲೆ ನನಗೆ ಹೊಳೆಯುವ ಸರಿಯಾದ ಕ್ರಮವೇ ಇದು.

ಊಟದ ಲೆಕ್ಕ ಎಂದೆನಲ್ಲ, ಅದನ್ನು ಅಡುಗೆಮನೆಯಲ್ಲೇ ನೋಡೋಣ. ರಾಗಿಮುದ್ದೆಗೆ ಇಷ್ಟು ಯೂನಿಟ್ ಎಂದು ಯಾವ ಪುಸ್ತಕವೂ ಹೇಳಲಾರದು, ಏಕೆಂದರೆ ಮಂಡ್ಯದ ಒಂದು ಮನೆಯ ಮುದ್ದೆ ಬೆಂಗಳೂರಿನ ಇನ್ನೊಂದು ಮನೆಯ ಎರಡು ಮುದ್ದೆಗೆ ಸಮ. ಹಿಟ್ಟನ್ನು ತೂಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟವಿದೆ. ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಹೋದರೆ ಹತ್ತಿರಹತ್ತಿರ 54 ಗ್ರಾಂ. ಡಾಕ್ಟರು ಹತ್ತು ಗ್ರಾಮಿಗೆ ಒಂದು ಯೂನಿಟ್ ಎಂದು ಗೊತ್ತುಮಾಡಿದ ಹುಡುಗಿಗೆ 5.4 ಯೂನಿಟ್. ಪಂಪಿನಲ್ಲಿ 54 ಎಂದು ಒತ್ತಿದರೆ ಸಾಕು. ಹಿಂದಿನ ಬೋಲಸ್ಸಿನಿಂದ ಮೈಯಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಅದು ನೆನಪಿಟ್ಟುಕೊಂಡಿರುತ್ತದೆ. ಹೊಸ ಬೋಲಸ್ ಲೆಕ್ಕ ಹಾಕುವಾಗ, ಅದರಲ್ಲೂ ಏರಿದ ಸಕ್ಕರೆಯನ್ನು ಇಳಿಸುವ ಪ್ರಮಾಣದಲ್ಲಿ, ಅದನ್ನು ಹಿಡಿದುಕೊಳ್ಳುತ್ತದೆ. ಹಬ್ಬದ ದಿನ ತುಪ್ಪ ಸುರಿದ ಹೋಳಿಗೆ ಬೇರೆ ಕಥೆ. ಜಿಡ್ಡು ಇರುವುದರಿಂದ ಸಕ್ಕರೆ ತಡವಾಗಿ, ಎರಡು ಮೂರು ಗಂಟೆಯ ಮೇಲೆ ಏರುತ್ತದೆ. ಬೋಲಸ್ಸಿನ ಅರ್ಧ ಈಗ, ಉಳಿದರ್ಧ ನಿಧಾನವಾಗಿ ಕೊಡು ಎನ್ನುವ ಸೌಲಭ್ಯ ಅನೇಕ ಪಂಪುಗಳಲ್ಲಿದೆ, ಆದರೆ ಕೆಲವು ಮಾದರಿಗಳಲ್ಲಿ ಸ್ವಯಂಚಾಲಿತ ಸ್ಥಿತಿಯಲ್ಲಿರುವಾಗ ಅದು ಸಿಗುವುದಿಲ್ಲ. ಕೊಳ್ಳುವ ಮುಂಚೆ ಕೇಳಬೇಕಾದ ಮಾತು ಇದು.

ಇನ್ನು ಅಪಾಯದ ವಿಷಯ. ಪಂಪಿನಲ್ಲಿರುವುದು ಬೇಗ ಕರಗಿಹೋಗುವ ಇನ್ಸುಲಿನ್ ಮಾತ್ರ ಎಂದೆ. ಟ್ಯೂಬ್ ಮಡಚಿತು, ಕ್ಯಾನುಲಾ ಚರ್ಮದಿಂದ ಹೊರಬಂತು, ಬ್ಯಾಟರಿ ಸತ್ತಿತು ಎನ್ನಿ, ಮೈಯಲ್ಲಿ ಬೇರೆ ದಾಸ್ತಾನು ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ವಾಂತಿ, ಏದುಸಿರು ಶುರುವಾಗಬಹುದು; ಇದು ಜೀವಕ್ಕೆ ಎರವಾಗುವ ಸ್ಥಿತಿ. ಆದ್ದರಿಂದ ಒಂದು ನಿಯಮವನ್ನು ಮನೆಯವರೆಲ್ಲ ಬಾಯಿಪಾಠ ಮಾಡಿರಬೇಕು. ಸಕ್ಕರೆ 250 ದಾಟಿ ಪಂಪಿನ ಬೋಲಸ್ಸಿಗೆ ಇಳಿಯದಿದ್ದರೆ ಕೀಟೋನ್ ನೋಡಿ, ಪೆನ್ನಿನಿಂದಲೋ ಸಿರಿಂಜಿನಿಂದಲೋ ಇನ್ಸುಲಿನ್ ಕೊಡಿ, ಆಮೇಲೆ ಸೆಟ್ ಬದಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಪಂಪ್ ಬಂದಿತೆಂದು ಪೆನ್ನನ್ನು ಬಿಸಾಡುವಂತಿಲ್ಲ. ಬೆಂಗಳೂರಿನಿಂದ ಬೀದರಿಗೆ ರಾತ್ರಿ ಬಸ್ಸು ಹತ್ತುವಾಗ ಚೀಲದಲ್ಲಿ ಪೆನ್ನು, ಒಂದು ಹೆಚ್ಚುವರಿ ಸೆಟ್, ಬ್ಯಾಟರಿ, ಗ್ಲೂಕೋಸ್ ಪುಡಿ ಇರಲೇಬೇಕು.

ಭಾರತದ್ದೇ ಆದ ಇನ್ನೊಂದು ಅಪಾಯವಿದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಇನ್ಸುಲಿನ್ ಬಾಟಲಿಗಳು ಎರಡು ಬಲದಲ್ಲಿ ಸಿಗುತ್ತವೆ: ಮಿಲಿಲೀಟರಿಗೆ 40 ಯೂನಿಟ್, ಮಿಲಿಲೀಟರಿಗೆ 100 ಯೂನಿಟ್. ಪಂಪಿನ ಲೆಕ್ಕವೆಲ್ಲ 100ರದ್ದು. ಊರಿನಲ್ಲಿ ಬೇರೆ ಸಿಗಲಿಲ್ಲವೆಂದು 40ರ ಬಾಟಲಿಯಿಂದ ಪಂಪಿನ ಇನ್ಸುಲಿನ್ ಕೊಳವೆಯನ್ನು, ಅಂದರೆ ರಿಸರ್ವಾಯರನ್ನು, ತುಂಬಿಸಿದರೆ ಯಂತ್ರ ಹತ್ತು ಯೂನಿಟ್ ಕೊಟ್ಟೆ ಎನ್ನುತ್ತದೆ, ಮೈಗೆ ಸೇರುವುದು ನಾಲ್ಕು. ಜೊತೆಗೆ ಆ ಬಾಟಲಿಗಳಲ್ಲಿ ಬಹುಪಾಲು ಹಳೆಯ ಬಗೆಯ ಇನ್ಸುಲಿನ್. ಹಾಲಿನಂತೆ ಮಸುಕಾಗಿರುವ ಯಾವುದನ್ನೂ ಪಂಪಿಗೆ ಹಾಕುವಂತೆಯೇ ಇಲ್ಲ. ತುರ್ತಿಗೆ ಸಿರಿಂಜ್ ಇಟ್ಟುಕೊಳ್ಳುವಾಗಲೂ ಇದೇ ಎಚ್ಚರ ಬೇಕು: 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಬಾಟಲಿ, ಸಿರಿಂಜ್ ಎರಡೂ ಕಿತ್ತಳೆಯ ಲೆಕ್ಕದವಾಗಿರಬೇಕು.

ಸೆಟ್ ಬದಲಿಸುವುದನ್ನು ಒಮ್ಮೆ ಕಣ್ಣಾರೆ ನೋಡಿದರೆ ಈ ಯಂತ್ರ ಎಂಥ ಶಿಸ್ತು ಕೇಳುತ್ತದೆ ಎಂದು ತಿಳಿಯುತ್ತದೆ. ಬಾಟಲಿಯನ್ನು ಫ್ರಿಜ್ಜಿನಿಂದ ಮೊದಲೇ ತೆಗೆದು ಕೋಣೆಯ ಬಿಸಿಗೆ ಬರಲು ಬಿಡುತ್ತಾರೆ. ತಣ್ಣಗಿರುವಾಗ ತುಂಬಿದರೆ ಆಮೇಲೆ ಗುಳ್ಳೆ ಏಳುತ್ತದೆ. ಕೈ ತೊಳೆದು ರಿಸರ್ವಾಯರ್ ತುಂಬಿ, ಬೆರಳಿನಿಂದ ಮೆಲ್ಲಗೆ ತಟ್ಟಿ ಗುಳ್ಳೆಗಳನ್ನು ಮೇಲಕ್ಕೆ ತಂದು ಹೊರಹಾಕುತ್ತಾರೆ. ಟ್ಯೂಬಿನಲ್ಲಿ ಒಂದು ಸಣ್ಣ ಗುಳ್ಳೆ ಉಳಿದರೆ ಅಷ್ಟು ಉದ್ದಕ್ಕೆ ಇನ್ಸುಲಿನ್ ಇಲ್ಲವೆಂದೇ ಅರ್ಥ. ಕೂಸಿನ ವಿಷಯದಲ್ಲಿ ಅದು ಒಂದು ಗಂಟೆಯ ಬೇಸಲ್ಲಿಗಿಂತ ಹೆಚ್ಚಿರಬಹುದು. ಟ್ಯೂಬನ್ನು ತುಂಬಿಸಿ, ಸೂಜಿಯ ತುದಿಯಲ್ಲಿ ಒಂದು ಹನಿ ಕಾಣುವವರೆಗೆ ಕಾಯುತ್ತಾರೆ. ಈ ಹೊತ್ತಿನಲ್ಲಿ ಟ್ಯೂಬ್ ಮೈಗೆ ಜೋಡಿಸಿರಲೇಬಾರದು, ಇಲ್ಲದಿದ್ದರೆ ಟ್ಯೂಬಿಗೆ ಹೋಗಬೇಕಾದದ್ದು ಮೈಗೆ ಹೋಗುತ್ತದೆ. ಹಳೆಯ ಜಾಗದಿಂದ ಎರಡು ಮೂರು ಬೆರಳು ದೂರ ಹೊಸ ಜಾಗ ಆರಿಸಿ, ಸ್ಪಿರಿಟ್ ಆರಿದ ಮೇಲೆ ಚುಚ್ಚುತ್ತಾರೆ. ಮಲಗುವ ಮುಂಚೆ ಬದಲಿಸುವುದು ಬೇಡ ಎಂದು ಅನುಭವಸ್ಥರು ಹೇಳುತ್ತಾರೆ. ಸೆಟ್ ಸರಿಯಾಗಿ ಕೂರದಿದ್ದರೆ ಗೊತ್ತಾಗುವುದು ಎರಡು ಗಂಟೆ ಕಳೆದ ಮೇಲೆ, ಆಗ ಯಾರಾದರೂ ಎದ್ದಿರಬೇಕು.

ಇಷ್ಟೆಲ್ಲ ಒಪ್ಪಿಗೆಯಾದ ಮೇಲೆ ಬರುವುದು ಮೊದಲಿನ ಪ್ರಶ್ನೆ, ಯಾವುದು ಎಂಬುದು. ಟ್ಯೂಬ್ ಇರುವುದೋ ಅಂಟುವುದೋ ಎಂಬ ಆಯ್ಕೆ ಬಹುಮಟ್ಟಿಗೆ ಬಟ್ಟೆ, ಕೆಲಸ, ನೀರಿಗೆ ಸಂಬಂಧಿಸಿದ್ದು. ಟ್ಯೂಬಿನ ಪಂಪನ್ನು ಸ್ನಾನಕ್ಕೆ ಕಳಚಿಡಬಹುದು, ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಡ. ಸೀರೆ ಉಡುವವರು, ಗದ್ದೆಯಲ್ಲಿ ಕೆಲಸ ಮಾಡುವವರು ಎಲ್ಲಿ ಸಿಕ್ಕಿಸುವುದೆಂದು ಮುಂಚೆಯೇ ಹಾಕಿ ನೋಡುವುದು ಒಳ್ಳೆಯದು. ಅಂಟುವ ಪಾಡ್‌ಗೆ ಟ್ಯೂಬಿನ ರಗಳೆಯಿಲ್ಲ, ಹೊಳೆಯಲ್ಲಿ ಈಜಬಹುದು. ಆದರೆ ಆಮ್ನಿಪಾಡ್‌ನಂಥದ್ದರಲ್ಲಿ ಹಿಡಿಯುವುದು 200 ಯೂನಿಟ್, 780ಜಿಯಲ್ಲಿ 300. ದಿನಕ್ಕೆ ತೊಂಬತ್ತು ಯೂನಿಟ್ ಬೇಕಾಗುವವರಿಗೆ ಈ ವ್ಯತ್ಯಾಸ ದೊಡ್ಡದು. ಪಾಡ್ ನಡುವೆ ಕೆಟ್ಟರೆ ಒಳಗಿನ ಇನ್ಸುಲಿನ್ನೂ ಸೇರಿ ಇಡೀ ಪಾಡನ್ನು ಎಸೆಯಬೇಕು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಸೆಲ್ಲೋ, ಚಾರ್ಜ್ ಮಾಡುವಂಥದ್ದೋ ಎಂಬುದೂ ಹಳ್ಳಿಯಲ್ಲಿರುವವರಿಗೆ ಸಣ್ಣ ವಿಷಯವಲ್ಲ.

ಲೆಕ್ಕಾಚಾರದ ಸ್ವಭಾವ ಇದಕ್ಕಿಂತ ಮುಖ್ಯ. 780ಜಿ ಸಕ್ಕರೆಯನ್ನು 100, 110 ಅಥವಾ 120ಕ್ಕೆ ತರಲು ಪ್ರಯತ್ನಿಸುತ್ತದೆ, ಏರಿದಾಗ ತಾನೇ ಸಣ್ಣ ಬೋಲಸ್ಸುಗಳನ್ನೂ ಕೊಡುತ್ತದೆ. ಆಮ್ನಿಪಾಡ್ 5ರ ಗುರಿಯನ್ನು 110ರಿಂದ 150ರ ನಡುವೆ ಇಡಬಹುದು. ಬಸುರಿಗೆ ಬಿಗಿಯಾದ ಗುರಿ ಬೇಕು. ಒಂಟಿಯಾಗಿರುವ, ಲೋ ಶುಗರ್ ಆದರೂ ಅರಿವಾಗದ ಅರವತ್ತೈದರ ಹಿರಿಯರಿಗೆ ಸಡಿಲವಾದದ್ದು. ಇದನ್ನು ಗೊತ್ತುಮಾಡುವವರು ಎಂಡೋಕ್ರೈನಾಲಜಿಸ್ಟ್. ಅವರ ಕ್ಲಿನಿಕ್ಕಿನಲ್ಲಿ ಈಗಾಗಲೇ ಎಷ್ಟು ಜನ ಪಂಪಿನಲ್ಲಿದ್ದಾರೆ, ಪಂಪಿನ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತೆರೆದು ನೋಡುವ ಅಭ್ಯಾಸ ಅವರಿಗಿದೆಯೇ, ರಾತ್ರಿ ಫೋನ್ ಎತ್ತುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.

ಕಂಪನಿ ಉಳಿಯುತ್ತದೆಯೇ ಎಂಬುದನ್ನೂ ನೋಡಬೇಕು. 2017ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ತನ್ನ ಅನಿಮಾಸ್ ಪಂಪುಗಳನ್ನು ನಿಲ್ಲಿಸಿತು. ಅಮೆರಿಕ, ಕೆನಡಾದ ಸಾವಿರಾರು ಜನ ಚೆನ್ನಾಗಿ ನಡೆಯುತ್ತಿದ್ದ ಯಂತ್ರ ಬಿಟ್ಟು ಬೇರೆಯದಕ್ಕೆ ಹೋಗಬೇಕಾಯಿತು. ರೋಶ್ ಕೂಡ ಅದೇ ವರ್ಷ ಅಮೆರಿಕದ ಪಂಪ್ ವ್ಯವಹಾರದಿಂದ ಹಿಂದೆ ಸರಿಯಿತು. 2025ರಲ್ಲಿ ಮೆಡ್‌ಟ್ರಾನಿಕ್ ತನ್ನ ಮಧುಮೇಹ ವಿಭಾಗವನ್ನು ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸುವುದಾಗಿ ಪ್ರಕಟಿಸಿತು. ಇದರಿಂದ ಗಾಬರಿಯಾಗಬೇಕಿಲ್ಲ, ಆದರೆ ಸೆಟ್‌ಗಳ ಪೂರೈಕೆ ಎಷ್ಟು ವರ್ಷ ಎಂಬ ಭರವಸೆಯನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಕ್ಷೇಮ. ದೋಷ ಕಂಡಾಗ ತಿಳಿಸುವವರು ಯಾರು ಎಂಬುದೂ ಅಷ್ಟೇ ಮುಖ್ಯ. ರಿಸರ್ವಾಯರನ್ನು ಹಿಡಿದಿಡುವ ಉಂಗುರ ಮುರಿಯುತ್ತದೆಂದು ಮೆಡ್‌ಟ್ರಾನಿಕ್‌ನ 600 ಸರಣಿಯ ಮೂರು ಲಕ್ಷಕ್ಕೂ ಹೆಚ್ಚು ಪಂಪುಗಳ ರಿಕಾಲನ್ನು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಅತ್ಯಂತ ಗಂಭೀರ ದರ್ಜೆಗೆ ಸೇರಿಸಿದರು. ಅಧಿಕೃತವಾಗಿ ಕೊಂಡವರಿಗೆ ಇಂಥ ಸುದ್ದಿ ಕಂಪನಿಯಿಂದಲೇ ಬರುತ್ತದೆ. ಸ್ಯಾನ್ ಹೊಸೆಯಿಂದ ಮಗಳು ಸೂಟ್‌ಕೇಸಿನಲ್ಲಿ ತಂದುಕೊಟ್ಟ, ಯಾರೋ ಬಳಸಿ ಬಿಟ್ಟ ಪಂಪಿಗೆ ಆ ಸುದ್ದಿ ಬರುವುದಿಲ್ಲ, ವಾರಂಟಿಯೂ ಬರುವುದಿಲ್ಲ, ಸೆಟ್‌ಗಾಗಿ ಪ್ರತಿಸಲ ಅಲ್ಲಿಂದ ಬರುವವರ ದಾರಿ ಕಾಯಬೇಕು. ಬ್ರಿಟನ್ನಿನಿಂದ ಬಂದದ್ದಾದರೆ ಸಕ್ಕರೆಯ ಅಂಕಿಯೇ ಬೇರೆ ಮಾನದಲ್ಲಿರುತ್ತದೆ. ಅಲ್ಲಿ 10 ಎಂದರೆ ನಮ್ಮ 180.

ಕಂಪನಿಗಳಿಗಾಗಿ ಕಾಯದೆ ತಾವೇ ಕಟ್ಟಿಕೊಂಡವರೂ ಇದ್ದಾರೆ. ಅಮೆರಿಕದ ಡೇನಾ ಲೂಯಿಸ್ ಮತ್ತು ಸಂಗಡಿಗರು 2015ರಲ್ಲಿ ಓಪನ್‌ಎಪಿಎಸ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ತೆರೆದಿಟ್ಟರು. ಅದರಿಂದ ಬೆಳೆದ ಆಂಡ್ರಾಯ್ಡ್‌ಎಪಿಎಸ್ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. 2022ರಲ್ಲಿ ನ್ಯೂಜಿಲೆಂಡಿನ ಅಧ್ಯಯನವೊಂದು ಇಂಥ ವ್ಯವಸ್ಥೆ ಬಳಸಿದವರ ಸಕ್ಕರೆ ಮಿತಿಯೊಳಗಿದ್ದ ಹೊತ್ತು, ಲೆಕ್ಕಾಚಾರವಿಲ್ಲದ ಪಂಪಿನವರಿಗಿಂತ 14 ಪ್ರತಿಶತ ಅಂಶಗಳಷ್ಟು ಹೆಚ್ಚೆಂದು ತೋರಿಸಿತು. ತಾಂತ್ರಿಕ ತಿಳಿವಳಿಕೆಯಿದ್ದು, ವೈದ್ಯರ ಒಪ್ಪಿಗೆಯೂ ಇದ್ದರೆ ಇದು ಗೌರವಕ್ಕೆ ಅರ್ಹವಾದ ದಾರಿ. ತಂತ್ರಾಂಶ ಪುಕ್ಕಟೆ, ಪಂಪು, ಸೆನ್ಸರು ಪುಕ್ಕಟೆಯಲ್ಲ.

ಕೊನೆಯದಾಗಿ, ಶುರುಮಾಡುವ ಹೊತ್ತು. ಪರೀಕ್ಷೆಗೆ ತಿಂಗಳಿರುವಾಗ ಪಂಪ್ ಹಾಕಿಸಬೇಡಿ. ಮೊದಲ ಎರಡು ಮೂರು ವಾರ ಬೇಸಲ್ ಸರಿಹೊಂದಿಸಲು ರಾತ್ರಿ ಎದ್ದು ನೋಡಬೇಕಾಗುತ್ತದೆ, ದಿನಕ್ಕೊಮ್ಮೆ ಕ್ಲಿನಿಕ್ಕಿಗೆ ಅಂಕಿ ಕಳಿಸಬೇಕಾಗುತ್ತದೆ. ದಸರಾ ರಜೆ ಇದಕ್ಕೆ ಅನುಕೂಲ. ಕಲಬುರಗಿ, ರಾಯಚೂರಿನ ಕಡೆಯವರಿಗಂತೂ ಬೇಸಿಗೆ ರಜೆಗಿಂತ ಅದೇ ವಾಸಿ, ಏಕೆಂದರೆ ಏಪ್ರಿಲ್ ಬಿಸಿಲಿನಲ್ಲಿ ಪಂಪಿನೊಳಗಿನ ಇನ್ಸುಲಿನ್ ಬಲ ಕಳೆದುಕೊಳ್ಳಬಹುದು, ಬೆವರಿಗೆ ಅಂಟೂ ನಿಲ್ಲುವುದಿಲ್ಲ. ಹಾಕಿಸಿಕೊಳ್ಳುವ ಮುಂಚೆ ಒಂದು ವಾರ ಇನ್ಸುಲಿನ್ ಬದಲು ಸಲೈನ್ ತುಂಬಿದ ಪಂಪನ್ನು ಮೈಮೇಲಿಟ್ಟು ಮಲಗಿ, ಶಾಲೆಗೆ ಹೋಗಿ, ಆಡಿ ನೋಡಲು ಬಿಡುತ್ತೀರಾ ಎಂದು ಕೇಳಿ. ಆ ವಾರ ಸೂಜಿ ಎಂದಿನಂತೆ ನಡೆಯುತ್ತದೆ. ಹದಿಹರೆಯದ ಮಗುವಾದರೆ ಅಂತಿಮ ಮಾತು ಅವರದ್ದೇ ಆಗಿರಲಿ, ಮೈಮೇಲೆ ಹಗಲುರಾತ್ರಿ ಹೊರುವವರು ಅವರು. ರಜೆ ಮುಗಿಯುವ ಮೊದಲು ಕ್ಲಾಸ್ ಟೀಚರಿಗೆ, ಪಿಟಿ ಮೇಷ್ಟರಿಗೆ ಲೋ ಶುಗರ್ ಹೇಗಿರುತ್ತದೆ, ಗ್ಲೂಕೋಸ್ ಎಲ್ಲಿದೆ, ಪಂಪ್ ಯಾಕೆ ಕೂಗುತ್ತದೆ ಎಂದು ತೋರಿಸಿಕೊಡಿ. ಟೈಪ್ 1 ಇರುವ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು, ನೀರು ಒಯ್ಯಬಹುದೆಂದು ಸಿಬಿಎಸ್‌ಇ 2017ರಲ್ಲೇ ಹೇಳಿದೆ. ಪಂಪ್, ಸೆನ್ಸರ್ ಮೊಬೈಲಿನಂತೆ ಕಾಣುವುದರಿಂದ ಎಸ್‌ಎಸ್‌ಎಲ್‌ಸಿಗಾಗಲಿ ಸಿಇಟಿಗಾಗಲಿ ವೈದ್ಯರ ಪತ್ರದೊಡನೆ ಪರೀಕ್ಷಾ ಕೇಂದ್ರದಿಂದ ಲಿಖಿತ ಅನುಮತಿಯನ್ನು ವಾರಗಳ ಮುಂಚೆಯೇ ಪಡೆದಿಟ್ಟುಕೊಳ್ಳಿ.